ಷರಾ: ಭಾವ ಇದೆ

ಮೊದಲ ದಿನವೇ ಅವಳ ಮಾನ ಹೋಯಿತು.

ಗಾಜಿನ ಆ ಕಡೆ, ಸದ್ದು ಹೀರುವ ಸ್ಪಂಜಿನ ಗೋಡೆಗಳ ಪುಟ್ಟ ಕೋಣೆಯಲ್ಲಿ, ಹೊಸದಾಗಿ ಬಂದ ದನಿ ಕಲಾವಿದ ಮೈಕಿನ ಮುಂದೆ ಕುಳಿತು, "ನಮಸ್ಕಾರ. ದಯವಿಟ್ಟು..." ಎಂದು ಶುರುಮಾಡಿದ. ಗಾಜಿನ ಈ ಕಡೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದ ಅವಳು, ಅವನ ಮಾತು ಮುಗಿಯುವ ಮೊದಲೇ, ತಲೆ ಕೂಡ ಎತ್ತದೆ, "ಮೂರನೇ ಮಹಡಿ" ಎಂದಳು.

ಅವನು ಮೈಕಿನಿಂದ ತಲೆ ಎತ್ತಿ ನೋಡಿದ.

"ಇದು ಮೊದಲನೇ ಮಹಡಿ ಅಲ್ವಾ ಮೇಡಂ?" ಎಂದ ಅವನು. "ನಾನು, ದಯವಿಟ್ಟು ಫ್ಯಾನ್ ಆಫ್ ಮಾಡ್ತೀರಾ ಅಂತ ಕೇಳೋಣ ಅಂತಿದ್ದೆ."

"ಹಾಂ, ಫ್ಯಾನ್. ಮಾಡ್ದೆ," ಎಂದು ಅವಳು ಲೈಟ್ ಆಫ್ ಮಾಡಿದಳು.

ಅವನಿಗೆ ಹೇಗೆ ಹೇಳುವುದು? ಅವಳ ಮನೆಯಿದ್ದ ಕಟ್ಟಡದ ಲಿಫ್ಟಿನಲ್ಲಿ ನಾಲ್ಕು ವರ್ಷದಿಂದ ಮಾತಾಡುತ್ತಿದ್ದುದು ಇದೇ ದನಿ. "ನಮಸ್ಕಾರ. ದಯವಿಟ್ಟು ಮಹಡಿಯನ್ನು ಆರಿಸಿ," ಎನ್ನುತ್ತಿತ್ತು. ಅವಳು ಗುಂಡಿ ಒತ್ತುತ್ತ ಬಾಯಲ್ಲೂ ಉತ್ತರ ಕೊಡುತ್ತಿದ್ದಳು. ಅಷ್ಟು ಮರ್ಯಾದೆಯಿಂದ ಕೇಳುವಾಗ ಬಾಯಿಗೆ ಬೀಗ ಹಾಕಿಕೊಂಡು ನಿಂತರೆ ಚೆನ್ನಾಗಿರುವುದಿಲ್ಲವಲ್ಲ. ಬಾಗಿಲು ತೆರೆದಾಗ ಆ ದನಿ, "ಎಚ್ಚರಿಕೆಯಿಂದ ಹೆಜ್ಜೆ ಇಡಿ," ಎನ್ನುತ್ತಿತ್ತು. ಅವಳು ಎಚ್ಚರಿಕೆಯಿಂದಲೇ ಇಡುತ್ತಿದ್ದಳು.

ಇಡೀ ಸಂಜೆಯಲ್ಲಿ ಅವಳನ್ನು ಮಾತಾಡಿಸುತ್ತಿದ್ದುದು ಅದೊಂದೇ. ಆಮೇಲೆ ಬೀಗ, ಸ್ವಿಚ್ಚು, ಒಂದು ಲೋಟ, ಒಂದು ತಟ್ಟೆ, ಒಂದು ಕುರ್ಚಿ. ಆ ಮನೆಯಲ್ಲಿ ಜೊತೆ ಎಂದು ಇದ್ದುದು ಚಪ್ಪಲಿ ಮಾತ್ರ.

ಕಚೇರಿಯಲ್ಲಿ ಅವಳನ್ನು ಎಲ್ಲರೂ ಕಿವಿ ಮೇಡಂ ಎನ್ನುತ್ತಿದ್ದರು. ಅದು ಮಾತಾಡುವ ನಿಘಂಟಿನ ಕಚೇರಿ. ಫೋನಿನಲ್ಲಿ ಇಂಗ್ಲಿಷ್ ಪದವೊಂದನ್ನು ಮುಟ್ಟಿದರೆ ಕನ್ನಡದಲ್ಲಿ ಅರ್ಥ ಕಾಣಬೇಕು, ಆ ಪದವನ್ನು ಹೇಗೆ ಉಚ್ಚರಿಸುವುದೆಂದು ಕೇಳಬೇಕು. ಅರ್ಥ ಬರೆಯುತ್ತಿದ್ದವರು ಮೇಷ್ಟ್ರು, ಕಾಲೇಜಿನಿಂದ ನಿವೃತ್ತರಾಗಿ ಪದಗಳಿಂದ ನಿವೃತ್ತರಾಗಲು ಆಗದವರು. ದನಿ ಕೊಡುವವರು ಬಂದು ಹೋಗುತ್ತಿದ್ದರು. ಕೊಟ್ಟ ದನಿ ಸರಿಯಿದೆಯೇ ಎಂದು ಕೇಳುವುದು ಅವಳ ಕೆಲಸ. ಆರು ವರ್ಷದಿಂದ ಕೇಳುತ್ತಿದ್ದಳು; ಅವಳ ಕಿವಿ ತಪ್ಪಿದ ದಾಖಲೆ ಇರಲಿಲ್ಲ.

ಅಲ್ಲಿನ ನಿಯಮ ಒಂದೇ: ನಿಘಂಟಿನ ದನಿ ಯಾರ ಪಕ್ಷವನ್ನೂ ವಹಿಸಬಾರದು. 'ಕೇಕ್' ಎನ್ನುವಾಗ ಬಾಯಲ್ಲಿ ನೀರೂರಬಾರದು. 'ಟ್ಯಾಕ್ಸ್' ಎನ್ನುವಾಗ ನಿಟ್ಟುಸಿರು ಬರಬಾರದು. 'ಡೆತ್' ಎಂಬುದನ್ನೂ 'ಡೆಸ್ಕ್' ಎಂಬುದನ್ನೂ ಒಂದೇ ಮುಖದಲ್ಲಿ ಹೇಳಬೇಕು.

ಪ್ರತಿ ಪದಕ್ಕೂ ಒಂದು ಹಾಳೆ. ಅದರಲ್ಲಿ ಎಷ್ಟನೇ ಸಲದ ರೆಕಾರ್ಡಿಂಗ್ ಎಂದು ಒಂದು ಕಾಲಂ, ಷರಾಕ್ಕೆ ಒಂದು, ತೀರ್ಮಾನಕ್ಕೆ ಒಂದು. ಷರಾದಲ್ಲಿ ಅವಳು ಬರೆಯುತ್ತಿದ್ದುದು ಇಂಥವು: ಉಸಿರು ಬಡಿದಿದೆ. ಕುರ್ಚಿಯ ಸದ್ದು. ಭಾವ ಇದೆ. ತೀರ್ಮಾನದಲ್ಲಿ ಸ್ವೀಕೃತ, ಇಲ್ಲವೇ ತಿರಸ್ಕೃತ. ಒಂದು ಪದವನ್ನು ದಿನಕ್ಕೆ ಒಂದೇ ಸಲ ಹೇಳಿಸಬೇಕು; ಮತ್ತೆ ಮತ್ತೆ ಹೇಳಿಸಿದರೆ ನಾಲಿಗೆ ನಾಟಕ ಶುರುಮಾಡುತ್ತದೆ. ಹತ್ತಕ್ಕಿಂತ ಹೆಚ್ಚು ಸಲ ತಿರಸ್ಕೃತವಾದರೆ ಇನ್ನೊಂದು ಕಿವಿ ಕೇಳಬೇಕು. ಶುಕ್ರವಾರ ನಾಲ್ಕು ಗಂಟೆಗೆ, ತೀರ್ಮಾನವಾದ ಪದಗಳ ತಿರಸ್ಕೃತ ದನಿಗಳನ್ನೆಲ್ಲ ಅಳಿಸಬೇಕು.

ಹೊಸಬನಿಗೆ ಎರಡೇ ದಿನದಲ್ಲಿ ಗಿಳಿ ಎಂದು ಹೆಸರು ಬಿತ್ತು. ಅವನು ಮೇಷ್ಟ್ರ ಕೆಮ್ಮು ಕೆಮ್ಮುತ್ತಿದ್ದ. ನೀರು ಕಾಯಿಸುವ ಕೆಟಲ್ ಆಗುತ್ತಿದ್ದ. ಪ್ರಿಂಟರ್ ಆಗಿ ಎಷ್ಟು ಚೆನ್ನಾಗಿ ಕಿರುಗುಟ್ಟುತ್ತಿದ್ದನೆಂದರೆ, ಮೇಷ್ಟ್ರು ಎದ್ದು ಹೋಗಿ ಖಾಲಿ ಟ್ರೇ ನೋಡಿ ವಾಪಸ್ ಬರುತ್ತಿದ್ದರು.

"ಯಾರಪ್ಪಾ ಪ್ರಿಂಟ್ ಕೊಟ್ಟಿದ್ದು?"

"ನಾನೇ ಕಣಯ್ಯಾ," ಎಂದು ಮೇಷ್ಟ್ರ ದನಿಯಲ್ಲೇ ಗಿಳಿ ಉತ್ತರಿಸುತ್ತಿದ್ದ. "ಕೊಟ್ಟದ್ದು ಮರೆತುಹೋಯ್ತು ನೋಡು. ವಯಸ್ಸಾಯ್ತು."

ಮೇಷ್ಟ್ರು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ತಡವಾಗಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು. ಆಗ ಗಾಜಿನ ಆಚೆಯಿಂದ ಅವನ ಕಣ್ಣು ಮೊದಲು ಅವಳ ಕೈಯನ್ನು, ಆಮೇಲೆ ಕೈಯ ಹಿಂದೆ ಏನಿದೆಯೋ ಅದನ್ನು ನೋಡಲು ಪ್ರಯತ್ನಿಸುತ್ತಿತ್ತು. ಅವಳು ತಟ್ಟನೆ ಹಾಳೆಗೆ ಬಾಗುತ್ತಿದ್ದಳು. ಅವಳ ಪೆನ್ಸಿಲ್ ಕಿವಿಯ ಹಿಂದೆ ಹೋದರೆ ತಿರಸ್ಕೃತ, ಮೇಜಿನ ಮೇಲೆ ಕೂತರೆ ಸ್ವೀಕೃತ ಎಂಬುದನ್ನು ಅವನು ಬೇಗ ಕಲಿತ. ಪದ ಹೇಳಿ ಮುಗಿಸಿದ ಮೇಲೆ ಅವನ ನೋಟ ಆ ಪೆನ್ಸಿಲ್ಲಿನ ಹಿಂದೆಯೇ ಹೋಗುತ್ತಿತ್ತು, ಅವಳ ಕಿವಿಯವರೆಗೂ.

ವಿಚಿತ್ರವೆಂದರೆ, ಮೈಕಿನಿಂದ ಎದ್ದರೆ ಅವನು ತನ್ನ ಸ್ವಂತ ದನಿಯಲ್ಲಿ ಮಾತಾಡುತ್ತಲೇ ಇರಲಿಲ್ಲ. ಮೊದಲ ದಿನದ ಆ ಫ್ಯಾನಿನ ಮಾತೇ ಮೊದಲು, ಅದೇ ಕೊನೆ.

ಎರಡನೇ ತಿಂಗಳಲ್ಲಿ 'ಡಾರ್ಲಿಂಗ್' ಬಂತು.

ಅವನು ಉಸಿರು ತೆಗೆದುಕೊಂಡು, ನೆಟ್ಟಗೆ ಕೂತು, "ಡಾರ್ಲಿಂಗ್" ಎಂದ.

ಅವಳ ಎಡಗಿವಿಯಿಂದ ಶುರುವಾಗಿ ಕತ್ತಿನ ಹಿಂಭಾಗದವರೆಗೆ ಏನೋ ಬೆಚ್ಚಗೆ ಇಳಿಯಿತು. ಮೂವತ್ತಾರು ವರ್ಷದಲ್ಲಿ ಆ ಪದವನ್ನು ಅವಳ ಕಿವಿಯ ಇಷ್ಟು ಹತ್ತಿರ ಯಾರೂ ಹೇಳಿರಲಿಲ್ಲ. ಅವಳಿಗೆ ಸಿಕ್ಕಿದ ಅಕ್ಕರೆಯ ಇಂಗ್ಲಿಷ್ ಎಂದರೆ ಬ್ಯಾಂಕಿನಿಂದ ಬರುವ 'ಡಿಯರ್ ಕಸ್ಟಮರ್' ಮಾತ್ರ. ಕನ್ನಡದಲ್ಲಿ ಅಕ್ಕನ 'ಕಣೇ' ಇತ್ತು, ಅದೂ ಫೋನ್ ಇಡುವಾಗ.

ಅವಳು ಷರಾದಲ್ಲಿ ಬರೆದಳು: ಭಾವ ಇದೆ. ಪೆನ್ಸಿಲ್ ಕಿವಿಯ ಹಿಂದೆ ಹೋಯಿತು.

"ಅಯ್ಯಯ್ಯೋ!" ಗಿಳಿ ಕೆಟಲ್‌ನಂತೆ ಸಿಳ್ಳೆ ಹಾಕಿದ. "ಒಣ ಬ್ರೆಡ್ ಥರ ಹೇಳಿದ್ನಲ್ಲ ಮೇಡಂ?"

"ಒಳಗೆ ಬೆಣ್ಣೆ ಇತ್ತು."

ಮರುದಿನ, "ಇವತ್ತು?"

"ಬೆಣ್ಣೆ ಇಲ್ಲ. ಜಾಮ್ ಇದೆ."

ಮೂರನೆಯ ದಿನ, "ಇಟ್ಟಿಗೆ ಥರ ಹೇಳಿದೀನಿ. ಇಟ್ಟಿಗೆ!"

"ಗೂಡಿಂದ ಈಗ ತಾನೇ ತೆಗೆದಿದ್ದು. ಬಿಸಿ ಇದೆ."

ಆಮೇಲೆ ಅವಳಿಗೆ ಜ್ವರ ಬಂತು. ಎರಡು ದಿನ ಮಲಗಿದಳು. ಅದೇ ಒಂದು ಲೋಟದಲ್ಲಿ ನೀರು ಕುಡಿದಳು, ಅದರಲ್ಲೇ ಮಾತ್ರೆ ಕರಗಿಸಿದಳು, ಅದನ್ನೇ ತೊಳೆದಳು. ಅಕ್ಕ ಫೋನ್ ಮಾಡಿದಳು.

"ಯಾರಾದ್ರೂ ಇದ್ದಾರೇನೇ ಹತ್ರ?"

"ಇದ್ದಾರೆ ಕಣೇ ಅಕ್ಕ."

"ಯಾರು?"

"ಲಿಫ್ಟಲ್ಲಿ ಒಬ್ರು."

"ಏನೋ, ಒಬ್ಬರಾದ್ರೂ ಇದ್ದಾರಲ್ಲ. ಹೂಂ ಕಣೇ, ಇಡ್ತೀನಿ. ನಿಮ್ಮ ಭಾವನಿಗೆ ಊಟಕ್ಕೆ ಹೊತ್ತಾಯ್ತು."

ಔಷಧಿ ಅಂಗಡಿಗೆ ಹೋಗಿ ಬರುವಾಗ ಲಿಫ್ಟು, ಎಚ್ಚರಿಕೆಯಿಂದ ಹೆಜ್ಜೆ ಇಡಿ ಎಂದಿತು. ಜ್ವರದ ಮಬ್ಬಿನಲ್ಲಿ ಅವಳಿಗೆ ಅಳು ಬಂತು. ಲಿಫ್ಟಿಗೆ ಮನಸೋತವಳು ಎಂದು ಗೊತ್ತಾದರೆ ಜನ ಏನಂದಾರು? ಮೇಲಿಂದ ಕೆಳಗಿನವರೆಗೆ ನೋಡಿಯಾರು.

ಮೂರನೆಯ ದಿನ ಕೆಲಸಕ್ಕೆ ಹೋದಾಗ ಗಿಳಿ ಪ್ರಿಂಟರ್‌ನ ಪಕ್ಕ ನಿಂತಿದ್ದ. "ಕಿರ್ರ್... ಟಕ್ ಟಕ್... ಪೇಪರ್ ಜಾಮ್," ಎಂದ ಪ್ರಿಂಟರ್‌ನ ದನಿಯಲ್ಲಿ. "ಎರಡು ದಿನದಿಂದ ಪೇಪರ್ ಜಾಮ್."

"ಜ್ವರ ಇತ್ತು."

"ಕಿರ್ರ್," ಎಂದ ಅವನು, ಸ್ವಲ್ಪ ಮೆತ್ತಗೆ.

ಇಷ್ಟೇನಾ ಕೇಳುವುದು ಎಂದು ಅವಳಿಗೆ ನೋವಾಯಿತು. ಒಳಗೆ ಹೋಗಿ ಕೂತಳು. ಅವತ್ತು 'ಡಾರ್ಲಿಂಗ್' ನಾಲ್ಕನೆಯ ಸಲ. ಷರಾ ಅದೇ.

ಐದು, ಆರು, ಏಳು. ಉಳಿದ ಪದಗಳೆಲ್ಲ ಒಂದೊಂದಾಗಿ ಸ್ವೀಕೃತವಾಗಿ ನಿಘಂಟಿಗೆ ಹೋದವು. ಇದೊಂದು ಮಾತ್ರ ಹೋಗಲಿಲ್ಲ. ಇದು ಹೋದರೆ ಅವನ ಕೆಲಸ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ನಾಲ್ಕು ತಾಸು ದೂರದ ಊರಿನ ರೈಲ್ವೆ ನಿಲ್ದಾಣದಲ್ಲಿ ಅವನಿಗೆ ಪ್ರಕಟಣೆ ಓದುವ ಕೆಲಸ ಸಿಕ್ಕಿತ್ತು, ಒಂದು ವಾರ ಬಿಟ್ಟು ಬರುವ ಸೋಮವಾರದಿಂದ. ಅವಳು ಮೋಸ ಮಾಡುತ್ತಿದ್ದಳೇ? ಮಾಡುತ್ತಿಲ್ಲ ಎಂದು ದೇವರಾಣೆ ಹಾಕುವಷ್ಟು ಸ್ಪಷ್ಟವಾಗಿ ಅವಳಿಗೆ ಆ ಪದದಲ್ಲಿ ಭಾವ ಕೇಳಿಸುತ್ತಿತ್ತು. ಆದರೆ ಕೇಳಿಸದಿದ್ದರೆ ಏನು ಬರೆಯುತ್ತಿದ್ದಳು ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಎಂಟನೆಯ ದಿನ ಚಹಾ ಕುಡಿಯುವ ಕಟ್ಟೆಯ ಬಳಿ ಇಬ್ಬರೇ ಇದ್ದರು.

"ಒಂದು ಕೇಳ್ಲಾ?" ಎಂದಳು. "ನೀವು ನಿಮ್ಮ ದನೀಲಿ ಯಾಕೆ ಮಾತಾಡಲ್ಲ?"

ಗಿಳಿ ಮೇಷ್ಟ್ರ ಕೆಮ್ಮು ಕೆಮ್ಮಿದ. ಅವಳು ನಗಲಿಲ್ಲ. ಅವನು ಲೋಟ ಕೆಳಗಿಟ್ಟ. ಆಮೇಲೆ ಬಂದ ದನಿ ಲಿಫ್ಟಿನದು; ಅಂದರೆ ಅವನದು.

"ಮಾತಾಡಿದ್ರೆ ಜನ ನಂಬಲ್ಲ ಮೇಡಂ. ಬ್ಯಾಂಕಿಗೆ ಫೋನ್ ಮಾಡಿದ್ರೆ 'ನಿಮ್ಮ ಕರೆ ನಮಗೆ ಅಮೂಲ್ಯ' ಅಂತ ಬರತ್ತಲ್ಲ, ಅದು ನಾನು. ಪಾರ್ಕಿಂಗಲ್ಲಿ 'ಟಿಕೆಟ್ ಪಡೆಯಿರಿ', ಅದೂ ನಾನೇ. ಒಂದ್ಸಲ ಒಬ್ಬಳಿಗೆ, ನೀನಂದ್ರೆ ನನಗೆ ಇಷ್ಟ ಅಂತ ಹೇಳ್ದೆ. ತುಂಬಾ ಕಷ್ಟಪಟ್ಟು. ಅವಳು ಬಿದ್ದು ಬಿದ್ದು ನಕ್ಕಳು. ಕನ್ನಡಕ್ಕಾಗಿ ಎರಡನ್ನು ಒತ್ತಬೇಕಾ, ಅಂತ ಕೇಳಿದ್ಲು."

ಅವಳಿಗೆ ನಗು ಬಂತು, ನಗಬಾರದೆಂದೂ ಅನ್ನಿಸಿತು.

"ನಗಿ ಪರವಾಗಿಲ್ಲ. ಅವಳ ತಪ್ಪಲ್ಲ. ಈ ದನೀಲಿ ಏನು ಹೇಳಿದ್ರೂ ಕಂಪನಿ ಹೇಳಿದ ಹಾಗಿರತ್ತೆ. ಅದಕ್ಕೇ ಕೆಟಲ್ ಆಗ್ತೀನಿ. ಕೆಟಲ್ ಕೂಗಿದ್ರೆ ಜನ ಎದ್ದಾದ್ರೂ ಬರ್ತಾರೆ."

ಲಿಫ್ಟಿನ ವಿಷಯ ಅವಳ ತುಟಿಯವರೆಗೆ ಬಂತು. ಹೇಳಿದರೆ ತಾನೂ ಗುಂಡಿ ಒತ್ತಿದವರ ಸಾಲಿಗೆ ಸೇರುತ್ತೇನೆ. ಚಹಾದ ಜೊತೆ ನುಂಗಿಕೊಂಡಳು.

ಬುಧವಾರ ಹನ್ನೊಂದನೆಯ ಸಲವೂ ತಿರಸ್ಕೃತವಾಯಿತು. ಇನ್ನೊಂದು ಕಿವಿ ಬೇಕಾಯಿತು. ಕಚೇರಿಯಲ್ಲಿ ಇನ್ನೊಂದು ಕಿವಿ ಎಂದರೆ ಮೇಷ್ಟ್ರು.

ಗುರುವಾರ ಮಧ್ಯಾಹ್ನ ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಹನ್ನೊಂದನ್ನೂ ಕೇಳಿದರು. ಎರಡು ಸಲ ಕೇಳಿದರು. ಆಮೇಲೆ ಪೆನ್ನು ತೆಗೆದು ಅವಳ ಹನ್ನೊಂದು 'ಭಾವ ಇದೆ'ಗಳ ಪಕ್ಕ ಹನ್ನೊಂದು ಸಲ ಬರೆದರು: ಭಾವ ಇಲ್ಲ. ಭಾವ ಇಲ್ಲ. ಭಾವ ಇಲ್ಲ.

"ಒಂದರಲ್ಲೂ ಇಲ್ವಾ ಸಾರ್?"

"ಒಣ ಮರಳು ತಾಯಿ. ಬರೀ ಮರಳು. ಯಾವುದನ್ನ ಹಾಕಿದ್ರೂ ನಡೆಯತ್ತೆ." ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಆರು ವರ್ಷದಲ್ಲಿ ನಿನ್ನ ಕಿವಿ ಇದೇ ಮೊದಲ ಸಲ..."

ಅವರು ಮಾತು ಮುಗಿಸಲಿಲ್ಲ. ಮುಗಿಸುವುದು ಬೇಕಾಗಿಯೂ ಇರಲಿಲ್ಲ. ಅವಳ ಮುಖದ ಬಣ್ಣವೇ ವಾಕ್ಯವನ್ನು ಪೂರ್ತಿ ಮಾಡಿತ್ತು. ಅವನ ದನಿಯಲ್ಲಿ ಏನೂ ಇರಲಿಲ್ಲ. ಇದ್ದುದೆಲ್ಲ ಅವಳ ಕಿವಿಯಲ್ಲಿತ್ತು. ಅದನ್ನು ಅವಳು ಹನ್ನೊಂದು ಸಲ, ತಾರೀಖಿನ ಸಮೇತ, ಕಚೇರಿಯ ಹಾಳೆಯಲ್ಲಿ, ಸಹಿ ಹಾಕಿ ಬರೆದುಕೊಟ್ಟಿದ್ದಳು. ನಾಳೆ ಬೆಳಿಗ್ಗೆ ಆ ಹಾಳೆ ನೋಟಿಸ್ ಬೋರ್ಡಿಗೆ ಹೋಗುತ್ತದೆ. ದನಿ ಕೊಟ್ಟವನು ಓದಿ, ಕೆಳಗೆ ಸಹಿ ಹಾಕಬೇಕು. ಅದೂ ನಿಯಮ.

ಮೇಷ್ಟ್ರು ಎದ್ದು ಹೋಗಲಿಲ್ಲ. ಜೇಬಿನಿಂದ ತಾವು ಬರೆದ ಚೀಟಿ ತೆಗೆದರು.

"ಈ ಪದ ನನ್ನನ್ನೂ ಸತಾಯಿಸಿದೆ ಕಣಮ್ಮ. ಹುಟ್ಟು ಸುಲಭ: ಡಿಯರ್ ಅನ್ನೋದರ ಹಳೇ ರೂಪಕ್ಕೆ 'ಲಿಂಗ್' ಸೇರಿದೆ. ಡಕ್ಲಿಂಗ್ ಅಂದ್ರೆ ಬಾತುಮರಿ ಹೇಗೋ, ಹಾಗೆ ಡಾರ್ಲಿಂಗ್ ಅಂದ್ರೆ ಪ್ರೀತಿಮರಿ. ಸಾವಿರ ವರ್ಷಕ್ಕೂ ಹಳೇದು. ಆಗ ಪ್ರೇಮಿಗಳಿಗೇ ಅಂತ ಮೀಸಲಿರಲಿಲ್ಲ. ರಾಜನ ಮೆಚ್ಚಿನವನೂ ಡಾರ್ಲಿಂಗೇ."

"ಯಾವ ಲಿಂಗ ಸಾರ್?" ಎಂದಳು, ಏನಾದರೂ ಹೇಳಬೇಕಲ್ಲ ಎಂದು.

"ಗಂಡಿಗೂ ಸೈ, ಹೆಣ್ಣಿಗೂ ಸೈ. ಆ ಲಿಂಗ್‌ಗೂ ನಮ್ಮ ವ್ಯಾಕರಣದ ಲಿಂಗಕ್ಕೂ ಸಂಬಂಧ ಇಲ್ಲ." ಮೇಷ್ಟ್ರು ಚೀಟಿಯನ್ನು ದೂರ ಹಿಡಿದು ನೋಡಿದರು. "ಬಳಕೆ ಬರೆಯೋವಾಗ ಕೈ ನಿಂತುಹೋಯ್ತು. ನಮ್ಮಲ್ಲಿ ಯಾರು ನಿಜವಾಗಿ ಡಾರ್ಲಿಂಗ್ ಅಂತಾರೆ ಹೇಳು? ಗೆಳೆಯರು ತಮಾಷೆಗೆ ಅಂತಾರೆ. 'ಕನ್ನಡದಲ್ಲಿ ಹೆಚ್ಚಾಗಿ ತಮಾಷೆಗೆ' ಅಂತ ಬರೆದೆ. ಅರ್ಥದಲ್ಲಿ ಪ್ರಿಯೆ ಅಂತ ಬರೆದೆ, ಹೊಡೆದುಹಾಕ್ದೆ. ನಲ್ಲೆ ಅಂತ ಬರೆದೆ. ಅಡುಗೆಮನೆ ಬಾಗಿಲಲ್ಲಿ ನಿಂತು 'ನಲ್ಲೆ, ಉಪ್ಪು ಎಲ್ಲಿದೆ' ಅಂತ ಕೇಳಿದೋನು ಯಾರಾದ್ರೂ ಇದ್ದಾನಾ?"

ಅವಳು ಸಣ್ಣಗೆ ನಕ್ಕಳು.

"ನಲವತ್ತು ವರ್ಷ ನಾನು ನನ್ನ ಹೆಂಡತೀನ 'ಇವಳೇ' ಅಂತಲೇ ಕರೆದದ್ದು. ಅವಳು ನನಗೆ 'ಇಲ್ನೋಡಿ'. ಅಷ್ಟೇ. ಅವಳು ಹೋದ ಮೇಲೆ ಒಂದಿನ ಖಾಲಿ ಮನೇಲಿ 'ಇವಳೇ' ಅಂತ ಕರೆದುಬಿಟ್ಟೆ, ಅಭ್ಯಾಸಬಲ. ಟೇಪಲ್ಲಿ ಹಿಡಿದಿದ್ರೆ ನೀನೂ ಬರೀತಿದ್ದೆ, ಭಾವ ಇಲ್ಲ, ಸ್ವೀಕೃತ ಅಂತ. ಅಷ್ಟು ಒಣಗಿತ್ತು. ಆದರೆ ಅವಳಿದ್ದಿದ್ರೆ ಅವಳಿಗೆ ಕೇಳಿಸೋದು." ಮೇಷ್ಟ್ರು ಚೀಟಿ ಮಡಚಿದರು. "ನನ್ನ ಕಿವಿಗೆ ಪದ ಮಾತ್ರ ಕೇಳಿಸತ್ತೆ ತಾಯಿ. ಅದರ ಮೇಲೆ ಜಾಸ್ತಿ ಭಾರ ಹಾಕಬೇಡ."

ಆ ಸಂಜೆ ಅವಳು ಲಿಫ್ಟು ಹತ್ತಲಿಲ್ಲ. ಮೆಟ್ಟಿಲು ಹತ್ತಿದಳು. ಯಾರೂ ಎಚ್ಚರಿಕೆ ಹೇಳಲಿಲ್ಲವಾದ್ದರಿಂದ, ಎರಡು ಕಡೆ ಎಡವಿದಳು.

ಶುಕ್ರವಾರ ಮೂರು ಗಂಟೆಗೆ ಗಿಳಿ ಬಂದ. ಅವಳು ಕೇಬಲ್ ಸುತ್ತುವ ನೆಪದಲ್ಲಿ ಒಳಗೇ ಇದ್ದಳು. ಹೊರಗೆ ಬೋರ್ಡಿನ ಮುಂದೆ ಅವನ ಹೆಜ್ಜೆ ನಿಂತದ್ದು ಕೇಳಿಸಿತು. ಕೆಟಲ್ ಇಲ್ಲ, ಪ್ರಿಂಟರ್ ಇಲ್ಲ. ಸುತ್ತಿದ ಕೇಬಲ್ಲನ್ನೇ ಬಿಚ್ಚಿ ಮತ್ತೆ ಸುತ್ತಿದಳು.

ಬಾಗಿಲು ತೆರೆಯಿತು. ಅವನ ಕೈಯಲ್ಲಿ ಹಾಳೆ ಇತ್ತು.

"ಮೇಡಂ," ಎಂದ. ಸ್ವಂತ ದನಿಯಲ್ಲಿ.

"ಸಹಿ ಹಾಕಿ ಹೋಗಿ," ಎಂದಳು ಕೇಬಲ್ಲಿಗೆ.

"ಹಾಕ್ತೀನಿ. ಹನ್ನೊಂದು ಸಲ ಭಾವ, ಭಾವ ಅಂತ ಬರೆದಿದ್ದೀರಿ. ನಾನು ನಿಮ್ಮ ಅಕ್ಕನ ಗಂಡ ಅಲ್ಲ ತಾನೇ?"

ಅವಳು ನಗಲಿಲ್ಲ. ಅವನೂ ನಗಲಿಲ್ಲ. ತಮಾಷೆ ಇಬ್ಬರ ನಡುವೆ ಸುಮ್ಮನೆ ಬಿದ್ದುಕೊಂಡಿತು.

"ನಿಜ ಹೇಳ್ತೀನಿ," ಎಂದ ಅವನು. "ಹತ್ತು ಸಲ ಒಣಗಿಸಿಯೇ ಹೇಳಿದ್ದು. ಅದು ನನ್ನ ಕೆಲಸ, ನನಗೆ ಬರತ್ತೆ. ಒಂದೇ ಒಂದು ಸಲ ಆಗಲಿಲ್ಲ. ಆ ಒಂದಕ್ಕೂ ಮೇಷ್ಟ್ರು ಭಾವ ಇಲ್ಲ ಅಂದಿದ್ದಾರೆ. ನನ್ನ ದನಿ ಹಣೇಬರಹ, ಅದೇನು ಹೊಸದಲ್ಲ. ಆದರೆ ನೀವು ಇದೆ ಅಂದಿದ್ದೀರಿ. ನಿಮಗೆ ಆ ಒಂದು ಕೇಳಿಸಿತ್ತಾ? ಇಲ್ಲಾ..."

"ಇಲ್ಲಾ?"

"ಇಲ್ಲಾ ಸುಮ್ನೆ ಎಲ್ಲಕ್ಕೂ ಬರೆದ್ರಾ? ಯಾವುದು ಅಂತ ಹೇಳ್ತೀರಾ?"

"ಹೇಳಕ್ಕಾಗದಿದ್ರೆ?"

"ಸಹಿ ಹಾಕಿ ಹೋಗ್ತೀನಿ. ಸೋಮವಾರದಿಂದ ರೈಲು ತಡವಾಗಿ ಬರತ್ತೆ ಅಂತ ಹೇಳೋ ಕೆಲಸ. ವಿಷಾದಿಸುತ್ತೇವೆ ಅಂತ ದಿನಕ್ಕೆ ನೂರು ಸಲ ಹೇಳಬೇಕು." ನಗಲು ನೋಡಿದ. "ಅಭ್ಯಾಸ ಇದೆ."

ಅವನು ಹೊರಗೆ ಹೋಗಿ ಕಾರಿಡಾರಿನ ಸ್ಟೂಲಿನ ಮೇಲೆ ಕೂತ.

ಅವಳು ಹನ್ನೊಂದು ದನಿಗಳನ್ನೂ ಕಲಸಿ ಹಿಂದುಮುಂದಾಗಿ ಕೇಳಿಸುವಂತೆ ಮಾಡಿದಳು. ಸಂಖ್ಯೆ ಕಾಣದ ಹಾಗೆ ಪರದೆಯ ಮೂಲೆಗೆ ಕಾಗದ ಅಂಟಿಸಿದಳು. ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತು.

ಮೊದಲ ಸುತ್ತಿನಲ್ಲಿ ಹನ್ನೊಂದೂ ಬೆಚ್ಚಗೆ ಇಳಿದವು, ಎಂದಿನಂತೆ. ಅದೇ ಭಯವಾಯಿತು. ಮೇಷ್ಟ್ರು ಹೇಳಿದ್ದೇ ಸರಿ. ಅವಳು ಕೇಳುತ್ತಿದ್ದುದು ಅವನನ್ನಲ್ಲ. ನಾಲ್ಕು ವರ್ಷದ ಲಿಫ್ಟನ್ನು, ಎರಡು ದಿನದ ಜ್ವರವನ್ನು, ಒಂದು ಲೋಟವನ್ನು.

ಎರಡನೆಯ ಸುತ್ತಿಗೆ ಮುನ್ನ ಕಣ್ಣು ಮುಚ್ಚಿ, ಮನೆಗೆ ಬಂದವಳು ಚಪ್ಪಲಿ ಬಿಡುವಂತೆ, ಅವನ್ನೆಲ್ಲ ಒಂದೊಂದಾಗಿ ಬಾಗಿಲಾಚೆ ಬಿಟ್ಟಳು. ಲಿಫ್ಟು ಬಿಟ್ಟಳು. ಜ್ವರ ಬಿಟ್ಟಳು. ಪೆನ್ಸಿಲ್ಲಿನ ಹಿಂದೆ ಬರುವ ನೋಟವನ್ನು ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಬರೀ ಕಿವಿಯಾಗಿ ಕೂತಳು.

ಡಾರ್ಲಿಂಗ್. ಮರಳು. ಡಾರ್ಲಿಂಗ್. ಮರಳು. ಒಂದಾದ ಮೇಲೊಂದು ದನಿಗಳು ಖಾಲಿಯಾಗುತ್ತ ಹೋದವು. ಆರು ಆಯಿತು. ಎದೆಯೊಳಗೆ ಯಾರೋ ದೀಪ ಆರಿಸುತ್ತ ಕೋಣೆಯಿಂದ ಕೋಣೆಗೆ ನಡೆಯುತ್ತಿರುವಂತಿತ್ತು. ಏಳು. ಮರಳು.

ಎಂಟನೆಯದಕ್ಕೆ ಅವಳ ಪೆನ್ಸಿಲ್ ನಿಂತಿತು.

ಉಳಿದೆಲ್ಲದರಲ್ಲೂ ಪದಕ್ಕೆ ಮುಂಚೆ ಅವನು ಉಸಿರು ಎಳೆದುಕೊಂಡಿದ್ದ, ಕಲಿತ ದನಿಗಾರ ಎಳೆದುಕೊಳ್ಳುವ ಹಾಗೆ. ಇದರಲ್ಲಿ ಉಸಿರೇ ಇರಲಿಲ್ಲ. ಬಾಗಿಲಲ್ಲಿ ಯಾರನ್ನೋ ಕಂಡು ಬಾಯಿಂದ ಹೊರಬಿದ್ದ ಹಾಗೆ, ಎದೆಯಲ್ಲಿ ಉಳಿದಿದ್ದ ಗಾಳಿಯಲ್ಲೇ ಪದ ಬಂದುಬಿಟ್ಟಿತ್ತು. ಕೊನೆಯೂ ಮುಚ್ಚಿಕೊಂಡಿರಲಿಲ್ಲ. ಆಮೇಲೆ ಇನ್ನೇನೋ ಕೇಳುವುದಿತ್ತು, ಕೇಳಲಿಲ್ಲ ಎನ್ನುವ ಹಾಗೆ ತೆರೆದೇ ಇತ್ತು.

ಕಾಗದ ಕಿತ್ತಳು. ಸಂಖ್ಯೆ ನಾಲ್ಕು.

ಜ್ವರದಿಂದ ಎದ್ದು ಬಂದ ದಿನ.

ಹೊರಗೆ ಅವನು ಸ್ಟೂಲಿನ ಮೇಲೆ, ಎರಡೂ ಕೈ ಮಂಡಿಯ ನಡುವೆ ಸೇರಿಸಿ ಕೂತಿದ್ದ, ದಂತವೈದ್ಯರ ಬಾಗಿಲಲ್ಲಿ ಕೂತ ಹಾಗೆ.

"ನಾಲ್ಕನೇದು," ಎಂದಳು.

ಅವನು ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

"ಉಸಿರು ತಗೊಳ್ಳೋದು ಮರೆತಿದ್ರಿ," ಎಂದಳು.

"ಎರಡು ದಿನ ನಿಮ್ಮ ಕುರ್ಚಿ ಖಾಲಿ ಇತ್ತು," ಎಂದ ಅವನು ನೆಲ ನೋಡುತ್ತ. "ಆ ಕಡೆ ಯಾರೂ ಇಲ್ಲದಿದ್ರೆ ಗಾಜಲ್ಲಿ ನಾನೇ ಕಾಣ್ತೀನಿ. ಎರಡು ದಿನ ನನ್ನ ಮುಖ ನೋಡ್ಕೊಂಡೇ ಕೂತಿದ್ದೆ. ಮೂರನೇ ದಿನ ನೀವು ಬಂದ್ರಿ. ಹೊರಗೆ ಕೇಳೋಣ ಅಂದ್ರೆ ಪ್ರಿಂಟರ್ ಆಗಿಬಿಟ್ಟೆ. ಒಳಗೆ ಕೂತು ನಿಮ್ಮ ಮುಖ ಕಂಡ ತಕ್ಷಣ ಪದ ಬಿದ್ದುಹೋಯ್ತು. ಅದರ ಹಿಂದೇನೇ 'ಈಗ ಹ್ಯಾಗಿದೀರಿ' ಅಂತ ಬರ್ತಿತ್ತು, ಹಿಡಿದುಕೊಂಡೆ."

"ಹುಷಾರಾಗಿದೀನಿ," ಎಂದಳು ಅವಳು, ಹನ್ನೊಂದು ದಿನ ತಡವಾಗಿ.

ಅವನು ಈಗ ನೋಡಿದ. "ಹಾಗಾದ್ರೆ ಉಳಿದ ಹತ್ತಕ್ಕೆ ಯಾಕೆ ಹಾಗೆ ಬರೆದ್ರಿ?"

ಕೇಬಲ್ಲಾದರೂ ಕೈಯಲ್ಲಿದ್ದಿದ್ದರೆ ಚೆನ್ನಾಗಿತ್ತು. ಇರಲಿಲ್ಲ.

"ಆ ಹತ್ತರಲ್ಲಿ ಇದ್ದದ್ದು ನಂದು," ಎಂದಳು.

ಕಾರಿಡಾರಿನ ಕೊನೆಯಲ್ಲಿ ನಿಜವಾದ ಕೆಟಲ್ ಕೂಗತೊಡಗಿತು. ಇಬ್ಬರೂ ಎದ್ದು ಹೋಗಲಿಲ್ಲ. ಮೇಷ್ಟ್ರು ಬಂದು, ಇಬ್ಬರನ್ನೂ ನೋಡಿ, ಕೆಟಲ್ ಆರಿಸಿ, ಬಂದ ದಾರಿಯಲ್ಲೇ ವಾಪಸ್ ಹೋದರು.

ಆಮೇಲೆ ಅವಳು ಲಿಫ್ಟಿನ ಕಥೆ ಹೇಳಿದಳು. ಮೂರನೇ ಮಹಡಿ ಎಂದದ್ದೇಕೆಂದು ಹೇಳಿದಳು. ಅವನು ನಗುತ್ತಾನೆ ಎಂದುಕೊಂಡಿದ್ದಳು. ಅವನು ಸ್ಟೂಲಿನಿಂದ ಎದ್ದು ನಿಂತು, "ನಾಲ್ಕು ವರ್ಷ ಉತ್ತರ ಕೊಟ್ರಾ?" ಎಂದ. "ಅದನ್ನ ರೆಕಾರ್ಡ್ ಮಾಡಿದ ದಿನ ಅಂದ್ಕೊಂಡಿದ್ದೆ, ಇದಕ್ಕೆ ಯಾರು ಉತ್ತರ ಕೊಡ್ತಾರೆ ಅಂತ."

ಗಡಿಯಾರ ನಾಲ್ಕಕ್ಕೆ ಹತ್ತಿರವಾಗಿತ್ತು. ಅವಳು ಒಳಗೆ ಹೋಗಿ ಒಂಬತ್ತನೆಯದನ್ನು ನಿಘಂಟಿಗೆ ಹಾಕಿದಳು. ಎಲ್ಲಕ್ಕಿಂತ ಒಣ ಮರಳು ಅದೇ. ಉಳಿದ ಹತ್ತನ್ನು ಆರಿಸಿ, ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು.

"ನಾಲ್ಕನೇದನ್ನೂ ಅಳಿಸ್ತೀರಾ?" ಎಂದ ಅವನು ಹಿಂದಿನಿಂದ.

"ನಿಯಮ."

"ಒಂದೇ ಪ್ರತಿ ಇರೋದು."

"ಹೇಳೋರು ಇದ್ದಾರಲ್ಲ," ಎಂದು ಒತ್ತಿದಳು.

ಅವನು ಅವಳ ಕುರ್ಚಿಯಲ್ಲಿ ಕೂತ. ಹೆಡ್‌ಫೋನ್ ಹಾಕಿಕೊಂಡ. ಅವಳ ಪೆನ್ಸಿಲ್ ತೆಗೆದು ತನ್ನ ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಮೇಷ್ಟ್ರಂತೆ ಕೆಮ್ಮಿ, ಗಾಜಿನ ಆ ಕಡೆಗೆ ಕೈ ತೋರಿಸಿದ. "ಈಗ ನೀವು."

"ನಾನಾ? ನನಗೆ ಬರಲ್ಲ ರೀ."

"ಬರದಿದ್ರೆ ತಿರಸ್ಕೃತ ಮಾಡೋಣ. ಹನ್ನೊಂದು ದಿನ ಟೈಮ್ ಇದೆ."

"ಸೋಮವಾರ ಊರು ಬಿಡೋರು ನೀವು."

"ನಾಲ್ಕು ತಾಸಿನ ದಾರಿ. ರೈಲು ಯಾವಾಗ ಬರತ್ತೆ ಅಂತ ನನಗಿಂತ ಮೊದಲು ಯಾರಿಗೆ ಗೊತ್ತಾಗತ್ತೆ?"

ಆರು ವರ್ಷದಲ್ಲಿ ಅವಳು ಆ ಪುಟ್ಟ ಕೋಣೆಗೆ ಹೋಗಿ ಕೂತದ್ದು ಅದೇ ಮೊದಲು. ಸ್ಪಂಜಿನ ಗೋಡೆಗಳು ಎಲ್ಲ ಸದ್ದನ್ನೂ ಕುಡಿದುಬಿಟ್ಟವು. ಅವಳ ಮನೆಯ ಸಂಜೆಗಳಿಗಿಂತ ಹೆಚ್ಚು ನಿಶ್ಶಬ್ದ. ಇಷ್ಟು ದಿನ ಇವನು ಇಲ್ಲಿ ಒಬ್ಬನೇ ಕೂತಿರುತ್ತಿದ್ದನೇ ಎಂದುಕೊಂಡಳು. ತಲೆ ಎತ್ತಿದಳು. ಗಾಜಿನಲ್ಲಿ ಅವಳ ಮುಖ ಕಾಣಲಿಲ್ಲ. ಆ ಕಡೆ ಅವನಿದ್ದ.

ಉಸಿರು ತೆಗೆದುಕೊಳ್ಳಲು ಮರೆತು, ನಡುವೆ ಎಡವಿ, ಕೊನೆಗೆ ಬರುವಷ್ಟರಲ್ಲಿ ಅರ್ಧ ನಗುತ್ತ, ಅವಳು ಆ ಪದವನ್ನು ಹೇಳಿದಳು.

ಅವನು ತಲೆ ತಗ್ಗಿಸಿ ಬರೆದ. ಬಹಳ ಹೊತ್ತು ಬರೆದ, ತುಂಬಬೇಕಾದದ್ದು ಎರಡೇ ಕಾಲಂ ಆದರೂ. ಆಮೇಲೆ ಹಾಳೆಯನ್ನು ಗಾಜಿಗೆ ಒತ್ತಿ ಹಿಡಿದ.

ಷರಾ: ಭಾವ ಇದೆ.

ತೀರ್ಮಾನ: ಸ್ವೀಕೃತ.

ಸಂಜೆ ಅವನ ಜೊತೆ ಮನೆಯ ದಾರಿಯಲ್ಲಿ ಅವಳು ಪಾತ್ರೆ ಅಂಗಡಿಯ ಮುಂದೆ ನಿಂತು, "ಚಹಾಕ್ಕೆ ಬರ್ತೀರಂತೆ, ಆದರೆ ಮನೇಲಿ ಇರೋದು ಒಂದೇ ಲೋಟ," ಎಂದಳು. ಒಂದು ಲೋಟ ಕೊಂಡರು. ಅದನ್ನು ಅವನೇ ಹಿಡಿದುಕೊಂಡ, ಒಡೆಯದ ಸ್ಟೀಲ್ ಲೋಟವನ್ನು ಒಡೆದೀತೇನೋ ಎಂಬಂತೆ, ಎರಡೂ ಕೈಯಲ್ಲಿ.

ಲಿಫ್ಟಿನ ಬಾಗಿಲು ಮುಚ್ಚಿತು.

"ನಮಸ್ಕಾರ. ದಯವಿಟ್ಟು ಮಹಡಿಯನ್ನು ಆರಿಸಿ."

"ಅಬ್ಬಾ, ಎಷ್ಟು ಒಣಗಿದೆ," ಎಂದು ಅವನು ನಾಚಿ ಮುಖ ತಿರುಗಿಸಿದ.

ಅವಳು ಕಿವಿಗೊಟ್ಟು ಕೇಳಿದಳು. ಹೌದು, ಒಣಗಿತ್ತು. ಯಾವತ್ತೂ ಒಣಗಿಯೇ ಇತ್ತು. ಅವಳು ಅವನ ಕಡೆ ತಿರುಗಿ, ಸಕ್ಕರೆ ಎಷ್ಟು ಹಾಕಲಿ ಎಂದು ಕೇಳುತ್ತ, ಸುಮ್ಮನೆ ಗುಂಡಿ ಒತ್ತಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ, ಲಿಫ್ಟಿಗೆ ಉತ್ತರ ಸಿಗಲಿಲ್ಲ.